ಅಗಾತವ್ವನ ಊರಿನಲ್ಲಿ ವೈನಿ

ಕಾಚಿಗೂಡ

ಸಿಸಿಲಿಗೆ ಹೋಗಬೇಕಾದವಳು ನಾನೊಬ್ಬಳೇ. ಹೈದರಾಬಾದಿನ ಬಾಲಾನಗರದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಗೆ ಹೊಸದೊಂದು ಅಳತೆಯ ಯಂತ್ರ ಬರುವುದಿತ್ತು. ಅದನ್ನು ನಡೆಸುವುದು ಹೇಗೆಂದು ಕಲಿತು ಬಾ ಎಂದು ಇಟಲಿಯ ತುದಿಯ ಆ ದ್ವೀಪಕ್ಕೆ ನನ್ನನ್ನು ಕಳಿಸುವವರಿದ್ದರು. ಊಟಕ್ಕೆ ಕೂತಾಗ ವೈನಿಗೆ ಊರಿನ ಹೆಸರು ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಅವರ ಕೈ ಅಲ್ಲೇ ನಿಂತಿತು.

"ಯಾವ ಊರಂದಿ, ನಿಮ್ಮೀ?"

"ಕತಾನಿಯಾ ರೀ."

"ಅದು ಅಗಾತವ್ವನ ಊರು. ನಾನೂ ಬರತೀನಿ."

ಗಂಗೂ ವೈನಿ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಹೋಗಿ ವರ್ಷಗಳಾದವು. ವಿಜಯಪುರದ ಕಡೆಯಿಂದ ಬಂದು ಅವನು ಬೇಗಂ ಬಜಾರಿನಲ್ಲಿ ಹಾಕಿದ್ದ ಸ್ಟೀಲ್ ಪಾತ್ರೆಗಳ ಅಂಗಡಿಯನ್ನು ಈಗ ವೈನಿಯೇ ನೋಡಿಕೊಳ್ಳುತ್ತಾರೆ. ಮಾರ್ವಾಡಿಗಳೊಡನೆ ಹಿಂದಿ, ಹಮಾಲರೊಡನೆ ತೆಲುಗು, ಸಿಟ್ಟು ಬಂದಾಗ ಎಲ್ಲರೊಡನೆ ಕನ್ನಡ. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಹಳೇ ಮನೆಯಲ್ಲಿ ನಾವಿಬ್ಬರೇ ಇರುವುದು.

ಹಿಂದಿನ ವರ್ಷ ವೈನಿಯ ಎಡಮೊಲೆಯಲ್ಲಿ ಕ್ಯಾನ್ಸರ್ ಸಿಕ್ಕಿತು. ತೆಗೆದರು. ಆಸ್ಪತ್ರೆಯಲ್ಲಿ ಕೇರಳದ ನರ್ಸ್ ಒಬ್ಬಳು ಅವರ ದಿಂಬಿನ ಪಕ್ಕ ಒಂದು ಚಿತ್ರಪಟ ಇಟ್ಟು ಹೋದಳು. ಚಿತ್ರದಲ್ಲಿ ಒಬ್ಬ ಹುಡುಗಿ ತಾಟು ಹಿಡಿದು ನಿಂತಿದ್ದಳು. ತಾಟಿನಲ್ಲಿ ದುಂಡಗೆ, ಬೆಳ್ಳಗೆ ಎರಡು ವಸ್ತು. ಪಾತ್ರೆ ವ್ಯಾಪಾರದ ವೈನಿಯ ಕಣ್ಣು ಮೊದಲು ತಾಟಿನ ಮೇಲೆಯೇ ಬಿತ್ತು.

"ಸಿಸ್ಟರ್, ಥಾಲಿ ಮೇ ಪೇಡಾ ಹೈ ಕ್ಯಾ?"

ಪೇಡಾ ಅಲ್ಲವೆಂದು ನರ್ಸ್ ತಲೆಯಾಡಿಸಿದಳು. ಚಿತ್ರದ ಹುಡುಗಿಯ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಆಮೇಲೆ ಕೂತು, ಇವಳು ಕತಾನಿಯಾ ಎಂಬ ಊರಿನ ಸಂತಳು, ಹೆಸರು ಅಗಾತಾ, ಇವಳ ಮೊಲೆಗಳನ್ನು ಕೊಯ್ಸಿದ್ದರು ಎಂದಷ್ಟು ಹೇಳಿದಳು. ಪೂರ್ತಿ ಕಥೆ ಹೇಳುವುದರೊಳಗೆ ಯಾರೋ ಕರೆದರು, ಎದ್ದು ಹೋದಳು. ವೈನಿಯ ತಲೆಯಲ್ಲಿ ಆ ಅರ್ಧ ಕಥೆ ಹಾಗೆಯೇ ಉಳಿಯಿತು.

ಹಾಗಾಗಿ ವೀಸಾ ಮಾಡಿಸಿದೆವು, ಟಿಕೆಟ್ ಆಯಿತು. ಅಷ್ಟರಲ್ಲಿ ಮಾಮೂಲಿ ತಪಾಸಣೆಗೆ ಹೋದಾಗ ಬಲಗಡೆಯೂ ಗಂಟು ಸಿಕ್ಕಿತು. ಪರೀಕ್ಷೆಗೆ ಕಳಿಸಿದರು. ಅದೇ ರೋಗ. "ಚಿಕ್ಕದಿದೆ. ಈಗ ತೆಗೆದರೆ ಒಳ್ಳೆಯದಾಗುತ್ತದೆ. ಪ್ರಯಾಣ ಮುಗಿಸಿ ಬನ್ನಿ, ಆದರೆ ಅದಕ್ಕಿಂತ ತಡ ಮಾಡಬೇಡಿ" ಎಂದರು ಡಾಕ್ಟರು.

ಆಟೋ ಇಳಿದು ವೈನಿ ಹಣ ಕೊಟ್ಟರು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಹೇಳಿದರು: "ಒಂದು ಕೊಟ್ಟೀನಿ. ಇನ್ನೊಂದು ಕೊಡಂಗಿಲ್ಲ. ಇದರ ಮ್ಯಾಲ ಮಾತು ಬ್ಯಾಡ."

ಬಜಾರಿನಲ್ಲಿ ಯಾರಿಗೂ ಅವರ ಆಪರೇಷನ್ ವಿಷಯ ಗೊತ್ತಿರಲಿಲ್ಲ. ಮೇ ತಿಂಗಳ ಬಿಸಿಲಲ್ಲೂ ವೈನಿ ಎದೆಯ ಮೇಲೆ ಶಾಲು ಹೊದ್ದೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಅಗಾತವ್ವನ ಊರು ನೋಡಿದ ಮೇಲಾದರೂ ಮನಸ್ಸು ತಿರುಗೀತು ಎಂಬ ಆಸೆಯೊಂದನ್ನು ಇಟ್ಟುಕೊಂಡು ನಾನು ವಿಮಾನ ಹತ್ತಿದೆ.

ಬೆಂಕಿಬೆಟ್ಟದ ಕೆಳಗೆ

ಕತಾನಿಯಾದ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಮ್ಮ ಚೀಲ ತೆಗೆಸಿದ. ಸಜ್ಜಿ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ. ಗುರೆಳ್ಳಿನ ಕರಿಪುಡಿಯ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದವನು ಸೀನತೊಡಗಿದ. ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು. ವೈನಿ ಅವನಿಗೆ ತಮ್ಮ ಕರವಸ್ತ್ರ ಕೊಟ್ಟು, "ಮೂಸೂದಲ್ಲೋ ತಮ್ಮಾ, ತಿನ್ನೂದು" ಎಂದರು. ಅವನು ಕೈಮುಗಿಯುವಂತೆ ಮಾಡಿ ನಮ್ಮನ್ನು ಹೊರಗೆ ಬಿಟ್ಟ.

ಊರು ಕಪ್ಪಗಿದೆ. ಹಾಸುಗಲ್ಲು ಕಪ್ಪು, ಗೋಡೆ ಕಪ್ಪು. ಎಲ್ಲ ಜ್ವಾಲಾಮುಖಿಯಿಂದ ಹರಿದು ಬಂದು ಆರಿದ ಕಲ್ಲು. ಬೀದಿಯ ತುದಿಯಲ್ಲಿ ಎಟ್ನಾ ಬೆಟ್ಟ, ನೆತ್ತಿಯ ಮೇಲೆ ಹಿಮ, ಅದರ ಮೇಲೆ ಹೊಗೆ. ವೈನಿ ನಿಂತು ನೋಡಿದರು.

"ಒಲಿ ಹೊತ್ತಿಸಿ ಹಂಗ ಬಿಟ್ಟು ಊರೆಲ್ಲ ಹೆಂಗ ಮಲಗತೈತೋ ಏನೋ."

ನನ್ನ ತರಬೇತಿ ಊರಾಚೆಯ ಕಾರ್ಖಾನೆಯಲ್ಲಿ. ಕಲಿಸುವವಳು ಮಾರ್ತಾ ಎಂಬ ಹೆಂಗಸು, ನನ್ನದೇ ವಯಸ್ಸು, ಇಂಗ್ಲಿಷ್ ಚೆನ್ನಾಗಿ ಬಲ್ಲವಳು. ಅಷ್ಟೂ ದಿನ ವೈನಿ ಒಬ್ಬರೇ ಊರು ತಿರುಗಿದರು. ಸಂತೆಯಲ್ಲಿ ಪಾತ್ರೆ ಕಂಡರೆ ಎತ್ತಿ, ಬೆರಳಿಂದ ತಟ್ಟಿ, ದಪ್ಪ ನೋಡಿ ಕೆಳಗಿಡುತ್ತಿದ್ದರಂತೆ. ಅಂಗಡಿಯವರು ಕೈ ಕುಣಿಸಿ ಮಾತಾಡಿದರೆ ಇವರೂ ಕೈ ಕುಣಿಸುತ್ತಿದ್ದರಂತೆ. "ನಮ್ಮ ಬಜಾರಿನ ಮಂದಿ ಹಂಗ ಅದಾರ. ಹಾರ್ನು, ಬೈಗಳ, ಎಲ್ಲ ಅದ" ಎಂದು ಸಮಾಧಾನದಿಂದ ಹೇಳುತ್ತಿದ್ದರು. ಆಪರೇಷನ್ ಮಾತು ಮಾತ್ರ ಎತ್ತಗೊಡುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಸಾಕು, ಎದ್ದು ಕಿಟಕಿಯ ಹತ್ತಿರ ಹೋಗಿ ಬೆಟ್ಟ ನೋಡುತ್ತಿದ್ದರು.

ಮಿಠಾಯಿ ಅಂಗಡಿ

ತರಬೇತಿ ಮುಗಿಯುವುದಕ್ಕೂ ಊರಿನಲ್ಲಿ ಅಗಾತಾಳ ಹಬ್ಬ ಸುರುವಾಗುವುದಕ್ಕೂ ಸರಿಹೋಯಿತು. ಫೆಬ್ರುವರಿಯ ಮೊದಲ ವಾರ. ಕಾರ್ಖಾನೆಗೆ ರಜೆ. ಮಾರ್ತಾ ನಮ್ಮಿಬ್ಬರನ್ನೂ ಒಂದು ಮಿಠಾಯಿ ಅಂಗಡಿಗೆ ಕರೆದುಕೊಂಡು ಹೋದಳು.

ಗಾಜಿನ ಹಿಂದೆ ಸಾಲಾಗಿ ಜೋಡಿಸಿಟ್ಟಿದ್ದರು. ಅಂಗೈಯಷ್ಟು ದುಂಡನೆಯ ಗುಮ್ಮಟ, ಮೇಲೆ ನುಣ್ಣನೆಯ ಬಿಳಿ ಸಕ್ಕರೆ ಲೇಪ, ನಡು ನೆತ್ತಿಯಲ್ಲಿ ಒಂದು ಕೆಂಪು ಚೆರ್ರಿ. ನನಗೆ ಕೂಡಲೇ ಅರ್ಥವಾಯಿತು. ವೈನಿಗೂ ಆಯಿತು.

"ಇವನ್ನ ತಿಂತಾರ?" ಎಂದರು, ನನ್ನ ಕಡೆ ನೋಡದೆ.

ನಾನು ಮಾರ್ತಾಳನ್ನು ಕೇಳಿದೆ. "ಹೌದು, ಇವು ಅಗಾತಾಳ ಮೊಲೆಗಳು. ಪ್ರತಿ ವರ್ಷ ಮನೆಮನೆಯಲ್ಲೂ ತಿನ್ನುತ್ತೇವೆ. ಒಂದೇ ಒಂದು ಕೊಳ್ಳುವುದಿಲ್ಲ, ಜೋಡಿಯೇ ಕೊಳ್ಳುವುದು" ಎಂದು ನಗುತ್ತ ತಟ್ಟೆಯೊಂದರಲ್ಲಿ ಎರಡನ್ನು ಇಡಿಸಿ ವೈನಿಯ ಮುಂದೆ ಹಿಡಿದಳು.

ವೈನಿ ತಟ್ಟೆ ಮುಟ್ಟಲಿಲ್ಲ. ಶಾಲನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಅಂಗಡಿಯಿಂದ ಹೊರಗೆ ನಡೆದುಬಿಟ್ಟರು. ಹಿಂದೆಯೇ ಓಡಿದೆ. ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಕೊಯ್ದಾವ್ರು ಒಮ್ಮೆ ಕೊಯ್ದರು. ಇವರು ವರ್ಷಾ ತಿಂತಾರ. ಇದಕ್ಕ ಹಬ್ಬ ಅಂತಾರ? ನಡಿ, ಊರಿಗೆ ಹೋಗೂಣು."

ಮಾರ್ತಾ ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ತಾನು ಮಾಡಿದ ತಪ್ಪೇನೆಂದು ತಿಳಿಯದೆ ಅವಳ ಮುಖ ಬಿಳಿಚಿಕೊಂಡಿತ್ತು. ವೈನಿಯ ಗುಟ್ಟು ಹೇಳಲು ನನಗೆ ಹಕ್ಕಿರಲಿಲ್ಲ. ಆದರೂ ಹೇಳಿದೆ. ಎಡಗಡೆಯದನ್ನೂ ಹೇಳಿದೆ, ಬಲಗಡೆಯದನ್ನೂ ಹೇಳಿದೆ.

ಮಾರ್ತಾ ತಟ್ಟೆಯನ್ನು ಒಳಗಿಟ್ಟು ಬಂದಳು. "ಅಗಾತಾಳನ್ನು ಇಟ್ಟಿದ್ದ ಸೆರೆಮನೆ ಇಲ್ಲೇ ಇದೆ. ನಾಳೆ ಬೆಳಿಗ್ಗೆ ಕರೆದೊಯ್ಯುತ್ತೇನೆ. ಮಿಠಾಯಿಗಿಂತ ಮೊದಲು ಅದನ್ನೇ ತೋರಿಸಬೇಕಿತ್ತು" ಎಂದಳು.

ಸೆರೆಮನೆ

ಅರ್ಧ ಕಥೆಯ ಉಳಿದರ್ಧ ಅಲ್ಲಿದೆ ಎಂದ ಮೇಲೆಯೇ ವೈನಿ ಹೊರಟರು. ಹೊರಗಿನಿಂದ ಅದೊಂದು ಚಿಕ್ಕ ಚರ್ಚು. ಒಳಗೆ ಬಲಕ್ಕೆ ತಿರುಗಿದರೆ ರೋಮನ್ನರ ಕಾಲದ ಗೋಡೆಗಳ ನಡುವೆ ಒಂದು ಕತ್ತಲೆ ಕೋಣೆ. ತಲೆ ತಗ್ಗಿಸಿಯೇ ಹೋಗಬೇಕು. ಬಾಗಿಲ ಪಕ್ಕದ ಕರಿಕಲ್ಲಿನಲ್ಲಿ ಎರಡು ಪಾದಗಳ ಅಚ್ಚು. ಅಗಾತಾಳ ಪಾದವೆಂದು ನಂಬುತ್ತಾರೆ. ನನ್ನ ಪಾದಕ್ಕಿಂತ ಚಿಕ್ಕವು.

ಮಾರ್ತಾ ಮೆಲ್ಲಗೆ ಹೇಳುತ್ತ ಹೋದಳು, ನಾನು ವೈನಿಯ ಕಿವಿಯಲ್ಲಿ ಕನ್ನಡ ಮಾಡುತ್ತ ಹೋದೆ.

ಅಗಾತಾ ಇದೇ ಊರಿನ ಅನುಕೂಲಸ್ಥರ ಮನೆಯ ಹುಡುಗಿ. ರೋಮಿನ ಚಕ್ರವರ್ತಿ ಕ್ರೈಸ್ತರನ್ನು ಹುಡುಕಿ ಹಿಡಿಸುತ್ತಿದ್ದ ಕಾಲ. ಇಲ್ಲಿಯ ಅಧಿಕಾರಿ ಕ್ವಿಂತಿಯಾನನಿಗೆ ಅವಳ ಮೇಲೆ ಕಣ್ಣು ಬಿತ್ತು. ಅವಳ ಮನೆಯ ಆಸ್ತಿಯ ಮೇಲೂ ಬಿತ್ತು. ನಾನು ದೇವರಿಗೆ ಮಾತು ಕೊಟ್ಟವಳು, ನಿನ್ನವಳಾಗಲಾರೆ ಎಂದಳು ಅವಳು. ದಾರಿ ತಪ್ಪಿಸಲೆಂದು ಅವನು ಅವಳನ್ನು ಸೂಳೆಮನೆಯ ಯಜಮಾನಿ ಅಫ್ರೋದೀಸಿಯಾಳ ಕೈಗೆ ಕೊಟ್ಟ. ಒಡವೆ ತೋರಿಸಿದರು, ಬೆದರಿಸಿದರು. ಅವಳು ಬಗ್ಗಲಿಲ್ಲ. ಕೊನೆಗೆ ಆ ಯಜಮಾನಿಯೇ, ಕಲ್ಲು ಮೆತ್ತಗಾದೀತು, ಈ ಹುಡುಗಿ ಆಗಳು ಎಂದು ವಾಪಸು ತಂದುಬಿಟ್ಟಳು. ಆಮೇಲೆ ಈ ಕತ್ತಲೆ. ಕ್ವಿಂತಿಯಾನ ಅವಳನ್ನು ಕಂಬಕ್ಕೆ ಕಟ್ಟಿ ಮೊಲೆಗಳನ್ನು ಇಕ್ಕಳದಿಂದ ಹಿಡಿದು ಕೀಳಿಸಿದ. ನಿನ್ನ ತಾಯಿಯ ಹಾಲು ಕುಡಿದವನಲ್ಲವೇ ನೀನು, ನಾಚಿಕೆಯಾಗುವುದಿಲ್ಲವೇ ಎಂದು ಅವಳು ಅವನ ಮುಖಕ್ಕೇ ಕೇಳಿದಳಂತೆ.

ವೈನಿಯ ಕೈ ನನ್ನ ತೋಳನ್ನು ಹಿಡಿದಿತ್ತು. ಉಗುರು ನಾಟುತ್ತಿತ್ತು.

"ಮುಂದ?"

ರಕ್ತ ಸುರಿಯುತ್ತಿದ್ದವಳನ್ನು ಇಲ್ಲಿ ತಂದು ಹಾಕಿದರು. ಅನ್ನ, ನೀರು ಕೊಡಬೇಡಿ, ವೈದ್ಯರನ್ನು ಬಿಡಬೇಡಿ ಎಂದು ಆಜ್ಞೆ. ಆದರೂ ಮುದುಕನೊಬ್ಬ ಔಷಧ ಹಿಡಿದು ಬಂದ. ಅಗಾತಾ ಬೇಡವೆಂದಳು. ನನ್ನ ಮೈಗೆ ನಾನು ಎಂದೂ ಔಷಧ ಮಾಡಿದವಳಲ್ಲ, ನನ್ನನ್ನು ನೋಡಿಕೊಳ್ಳುವವನು ದೇವರು ಎಂದಳು. ಆ ಮುದುಕ ಎಂದೋ ಸತ್ತಿದ್ದ ಯೇಸುವಿನ ಶಿಷ್ಯ, ಸಂತ ಪೇತ್ರನೇ ಆಗಿದ್ದ. ಅವನು ಮಾಯವಾದಾಗ ಗಾಯಗಳೂ ಮಾಯ್ದಿದ್ದವು.

ಇದನ್ನು ಕನ್ನಡ ಮಾಡುವಾಗಲೇ ನನ್ನ ನಾಲಿಗೆ ತಡವರಿಸಿತು. ಬಿಟ್ಟುಬಿಡಲೇ ಎಂದುಕೊಂಡೆ. ತಡವಾಗಿತ್ತು.

"ಆಕಿ ಔಷಧ ಬ್ಯಾಡಂದಳು?" ವೈನಿ ಕತ್ತಲೆಯಲ್ಲಿ ನನ್ನ ಕಡೆ ತಿರುಗಿದರು.

"ಹೌದ್ರಿ. ಆದ್ರ..."

"ನೋಡು ಮತ್ತ."

"ವೈನಿ, ಆಕಿ ಕಡೆ ದೇವರು ಕಳಿಸಿದಾಂವ ಬಂದಿದ್ದ. ನಮ್ಮ ಕಡೆ ಡಾಕ್ಟರ್ ಬಂದಾರ. ಅವರನ್ನೂ ದೇವರ ಕಳಿಸ್ಯಾನ ಅನ್ಕೋರಿ."

"ನನ್ನ ಮೈ ಇದು. ನಿನ್ನದಲ್ಲ."

ಗಾಯ ಮಾಯ್ದ ಮೇಲೂ ಕ್ವಿಂತಿಯಾನ ಬಿಡಲಿಲ್ಲ, ಹೆಂಚಿನ ಚೂರು, ನಿಗಿನಿಗಿ ಕೆಂಡದ ಮೇಲೆ ಉರುಳಿಸಿದ, ಆಗ ಭೂಮಿ ನಡುಗಿತು, ಅವಳು ಇದೇ ಕೋಣೆಯಲ್ಲಿ ಪ್ರಾಣ ಬಿಟ್ಟಳು ಎಂದು ಮಾರ್ತಾ ಕಥೆ ಮುಗಿಸಿದಳು. ಒಂದು ವರ್ಷದ ಮೇಲೆ ಎಟ್ನಾದ ಬೆಂಕಿ ಊರಿಗೆ ನುಗ್ಗಿದಾಗ ಜನ ಅವಳ ಸಮಾಧಿಯ ಮೇಲಿನ ವಸ್ತ್ರವನ್ನು ಎತ್ತಿ ಹಿಡಿದರಂತೆ, ಬೆಂಕಿ ನಿಂತಿತಂತೆ. ವೈನಿ ಅದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರಿಗೆ ಬೇಕಾದ ಮಾತು ಸಿಕ್ಕಿಬಿಟ್ಟಿತ್ತು. ಅದನ್ನು ಅವರ ಕೈಗೆ ಕೊಡಲೆಂದೇ ನಾನು ಅವರನ್ನು ಸಮುದ್ರ ದಾಟಿಸಿ ಕರೆತಂದಂತಾಗಿತ್ತು.

ಏರು

ಅಂದು ಮಧ್ಯಾಹ್ನ ಅಗಾತಾಳ ಮೆರವಣಿಗೆ. ಬೆಳ್ಳಿಯ ಮಂಟಪದಲ್ಲಿ ಅವಳ ಆಭರಣ ತುಂಬಿದ ಮೂರ್ತಿ. ಅದರೊಳಗೆ ಅವಳ ಅಸ್ಥಿಗಳೇ ಇವೆಯಂತೆ. ಮಂಟಪಕ್ಕೆ ಎರಡು ಉದ್ದನೆಯ ಹಗ್ಗ, ಹಗ್ಗ ಹಿಡಿದು ಎಳೆಯುವ ಸಾವಿರಾರು ಜನ. ಎಲ್ಲರಿಗೂ ಬಿಳಿಯ ನಿಲುವಂಗಿ, ತಲೆಗೆ ಕಪ್ಪು ಟೋಪಿ, ಕೈಯಲ್ಲಿ ಬಿಳಿ ಕರವಸ್ತ್ರ. ಮಾರ್ತಾಳೂ ಹಾಗೆಯೇ ಉಟ್ಟು ಹಗ್ಗ ಹಿಡಿಯಲು ಹೋದಳು. ನಮ್ಮನ್ನು ಏರುದಾರಿಯೊಂದರ ಮೂಲೆಯಲ್ಲಿ ನಿಲ್ಲಿಸಿ, "ಇಲ್ಲಿಂದ ಕದಲಬೇಡಿ. ಈ ಏರನ್ನು ಅವರು ಓಡುತ್ತ ಹತ್ತುತ್ತಾರೆ" ಎಂದು ಎಚ್ಚರಿಸಿಯೇ ಹೋಗಿದ್ದಳು.

ಹೈದರಾಬಾದಿನವರಿಗೆ ಜನಜಂಗುಳಿಯ ಭಯವೆಲ್ಲಿಯದು ಎಂದುಕೊಂಡೆ. ಗಣಪತಿ ಬಿಡುವ ದಿನ ಹುಸೇನ್ ಸಾಗರದ ದಂಡೆ ನೋಡಿದ್ದೇವೆ, ಹಳೇ ಊರಿನ ಮೊಹರಂ ನೋಡಿದ್ದೇವೆ. ಆದರೆ ಇಲ್ಲಿ ಇನ್ನೊಂದು ಅಪಾಯ ಇತ್ತು. ಹರಕೆ ಹೊತ್ತವರು ಆಳೆತ್ತರದ ಮೇಣದ ಬತ್ತಿಗಳನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಾರೆ. ಕರಗಿದ ಮೇಣ ಹಾಸುಗಲ್ಲಿನ ಮೇಲೆ ಸುರಿದು ಸುರಿದು ಬೀದಿ ಎಣ್ಣೆ ಸವರಿದಂತಾಗುತ್ತದೆ.

ದೂರದಿಂದ ಕೂಗು ಕೇಳಿತು. ನಾಗರಿಕರೇ, ನಾವೆಲ್ಲರೂ ಭಕ್ತರು ಹೌದೋ ಅಲ್ಲವೋ ಎಂದು ಒಬ್ಬ ಕೇಳುವುದು, ಅಗಾತಾಳಿಗೆ ಜಯವಾಗಲಿ ಎಂದು ಊರಿಗೆ ಊರೇ ಉತ್ತರಿಸುವುದು. ಬಿಳಿಯ ಹೊಳೆಯೊಂದು ಕೆಳಗಿನಿಂದ ಮೇಲಕ್ಕೆ ನುಗ್ಗಿ ಬಂತು. ಹಿಂದಿದ್ದವರು ನೋಡಲೆಂದು ಮುಂದೆ ತಳ್ಳಿದರು, ಹಗ್ಗದವರಿಗೆ ದಾರಿ ಬಿಡಲು ಮುಂದಿದ್ದವರು ಹಿಂದೆ ಸರಿದರು. ನಾನು ಒಂದು ಹೆಜ್ಜೆ ಹಿಂದಿಟ್ಟೆ. ಮೇಣ. ಕಾಲು ಜಾರಿ ನೆಲಕ್ಕೆ ಬಿದ್ದೆ. ಯಾರೋ ಎತ್ತಿ ನಿಲ್ಲಿಸುವಷ್ಟರಲ್ಲಿ ಪಕ್ಕದಲ್ಲಿ ವೈನಿ ಇರಲಿಲ್ಲ.

ನನಗೆ ಕೂಡಲೇ ನೆನಪಾದದ್ದು ಅವರ ಎಡಗೈ. ಎಡಮೊಲೆಯ ಜೊತೆ ಕಂಕುಳ ಗಂಟುಗಳನ್ನೂ ತೆಗೆದ ಮೇಲೆ ಆ ಕೈಗೆ ಬಾವು ಬರುತ್ತಿತ್ತು. ಅದನ್ನು ಎಳೆಯುವಂತಿಲ್ಲ, ಒತ್ತುವಂತಿಲ್ಲ, ರಕ್ತದೊತ್ತಡದ ಪಟ್ಟಿಯನ್ನೂ ಕಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು.

"ವೈನೀ! ವೈನೀ!"

ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ನೂಕಾಟ ಅವರನ್ನು ಬೀದಿಯಾಚೆಗೆ ಒಯ್ದಿತ್ತು, ಎದುರುಗಡೆಯ ಗೋಡೆಯ ಹತ್ತಿರ ಅವರ ಕಂದು ಶಾಲು ಕಂಡಿತು. ಜನರ ಒತ್ತಡಕ್ಕೆ ಗೋಡೆಗೆ ಅಂಟಿಕೊಂಡಿದ್ದರು. ಎಡಗೈ ದೇಹಕ್ಕೂ ಯಾರದೋ ಬೆನ್ನಿಗೂ ನಡುವೆ ಸಿಕ್ಕಿಬಿದ್ದಿತ್ತು. ಬಾಯಿ ತೆರೆದು ಏನೋ ಕೂಗುತ್ತಿದ್ದರು. ಸುತ್ತಲಿನವರು ಅದನ್ನೂ ಜಯಕಾರವೆಂದೇ ತಿಳಿದಿರಬೇಕು. ನಾನು ಮೊಳಕೈಯಿಂದ ತಳ್ಳುತ್ತ ಹೊರಟೆ, ಮತ್ತೆ ಹಿಂದಕ್ಕೇ ಬಂದೆ. ನಡುವೆ ಹಗ್ಗ ಓಡುತ್ತಿತ್ತು.

ಆಗ ವೈನಿ ಮಾಡಿದ್ದನ್ನು ಕಣ್ಣಾರೆ ಕಂಡೆ. ಬಲಗೈ ಒಂದನ್ನು ಹೇಗೋ ಬಿಡಿಸಿಕೊಂಡು ಮೈಮೇಲಿನ ಶಾಲನ್ನು ಕಿತ್ತು ಎಸೆದರು. ಅಂಗೈಯನ್ನು ಎಡ ಎದೆಯ ಮೇಲೆ ಇಟ್ಟು, ಕೊಯ್ದಂತೆ ಅಡ್ಡ ಎಳೆದು ತೋರಿಸಿದರು. ಮತ್ತೆ ಎಳೆದರು. ಬಟ್ಟೆಯ ಮೇಲೆ, ಅಷ್ಟು ಜನರ ಎದುರು.

ಬೇರೆ ಯಾವ ಊರಿನಲ್ಲಾದರೂ ಜನ ಕಣ್ಣು ಕಣ್ಣು ಬಿಡುತ್ತಿದ್ದರೇನೋ. ಆ ಊರಿನಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮುಂದಿದ್ದ ದಪ್ಪ ಮೀಸೆಯ ಗಂಡಸು ನೋಡಿದ. ಅವನ ಮುಖ ಬದಲಾಯಿತು. ತಿರುಗಿ ಗಂಟಲು ಹರಿಯುವಂತೆ ಏನೋ ಕೂಗಿದ. ಬಿಳಿ ನಿಲುವಂಗಿಯವರು ಒಬ್ಬರ ತೋಳಿಗೆ ಒಬ್ಬರು ತೋಳು ಸಿಕ್ಕಿಸಿ ವೈನಿಯ ಸುತ್ತ ಗೋಡೆಯಾಗಿ ನಿಂತರು. ಒತ್ತಡ ಅವರ ಬೆನ್ನಿನ ಮೇಲೆ ಬಿತ್ತು. ವೈನಿಯ ಎಡಗೈಯನ್ನು ಒಬ್ಬ ಹೆಂಗಸು ಎರಡೂ ಅಂಗೈಗಳ ಮೇಲೆ ಹೂವಿನಂತೆ ಹಿಡಿದುಕೊಂಡಳು. ಹಾಗೆಯೇ, ಒಂದೊಂದೇ ಹೆಜ್ಜೆ, ಅವರನ್ನು ಗಲಾಟೆಯಿಂದಾಚೆ ನಡೆಸಿಕೊಂಡು ಹೋದರು.

ಮೆಟ್ಟಿಲು

ಮಂಟಪ ಏರು ಹತ್ತಿ ಹೋದ ಮೇಲೆಯೇ ನನಗೆ ಬೀದಿ ದಾಟಲು ಆದದ್ದು. ವೈನಿ ಒಂದು ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಕೈ ಹಿಡಿದಿದ್ದ ಹೆಂಗಸು ನೀರು ಕುಡಿಸುತ್ತಿದ್ದಳು. ನನ್ನನ್ನು ಕಂಡು ವೈನಿಯ ಭುಜ ತಟ್ಟಿ, ಟೋಪಿ ಸರಿಮಾಡಿಕೊಂಡು ಮತ್ತೆ ಹಗ್ಗದ ಕಡೆ ಓಡಿದಳು. ಅವಳ ಹೆಸರೂ ಕೇಳಲಾಗಲಿಲ್ಲ.

ನಾನು ವೈನಿಯ ಕೈಯನ್ನು ಬೆರಳು ತುದಿಯವರೆಗೆ ಮುಟ್ಟಿ ನೋಡಿದೆ. ಕೆಂಪಾಗಿತ್ತು. ಗಾಯವಿರಲಿಲ್ಲ.

"ನೀ ಬಿದ್ದೀ ಏನು?" ಎಂದರು.

"ನಂದಿರಲಿ. ನೀವು ಹೆಂಗದೀರಿ?"

ತುಸು ಹೊತ್ತು ಉಸಿರು ಎಳೆದುಕೊಂಡರು. "ಉಸರ ನಿಂತಿತ್ತು ನೋಡು. ಸಾಯತೀನಿ ಅನಿಸ್ತು. ಇಷ್ಟ ದಿನ ಸತ್ತರ ಸಾಯತೀನಿ ಬಿಡು ಅಂತ ನಿನ್ನ ಮುಂದ ಹಾರಾಡತಿದ್ದೆ. ಅಲ್ಲಿ ಗ್ವಾಡಿಗೆ ಸಿಕ್ಕಾಗ ಬ್ಯಾಡ, ಬ್ಯಾಡ ಅಂತ ಒದರಾಕತ್ತಿದ್ದೆ. ನಾ ಇಷ್ಟ ಬದುಕಬೇಕಂತೀನಿ ಅನ್ನೂದು ನನಗ ಗೊತ್ತಿರಲಿಲ್ಲ."

ನಾನು ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ.

"ಬೆಳಿಗ್ಗಿಂದ ಆ ಹುಡುಗೀನ ತಲಿಯಾಗ ಕುಂತಾಳ. ಔಷಧ ಬ್ಯಾಡಂದಳು ಅಂತ ಖುಷಿಪಟ್ಟೆ. ಆದರ ಆಕಿನ್ನ ಯಾರು ಕೇಳಿದರು? ಕೊಯ್ಯೂ ಮುಂದ ಕೇಳಿದರ? ಕಟ್ಟಿ ಹಾಕಿ ಕಿತ್ತರು. ಆಕಿ ಕೈಯಾಗ ಉಳಿದಿದ್ದು ಒಂದ ಮಾತು, ಬ್ಯಾಡ ಅನ್ನೂದು. ಅದನ್ನ ಅಂದಳು." ಕೆಂಪಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. "ನನ್ನ ಕೇಳಾಕತ್ತಾರ. ಡಾಕ್ಟರ್ ಕುರ್ಚಿ ಎಳಕೊಂಡು ಕುಂತು ಕೇಳಾಕತ್ತಾರ, ಅಮ್ಮಾ, ತೆಗೀಲ್ಯಾ ಅಂತ. ಆಕಿಗೂ ನನಗೂ ಎಲ್ಲಿಂದೆಲ್ಲಿಗೆ."

ಬೀದಿಯಲ್ಲಿ ಮೇಣದ ಮೇಲೆ ಮರದ ಹೊಟ್ಟು ಎರಚುತ್ತ ಮುನಿಸಿಪಾಲಿಟಿಯವರು ಬಂದರು. ವೈನಿ ಗೋಡೆ ಹಿಡಿದು ಎದ್ದರು.

"ಮತ್ತ, ವೈನಿ?" ಎಂದೆ.

"ಮತ್ತೇನು? ಹೋಗಿ ತಗಸೂಣು."

ಮಾರ್ತಾ ಹಬ್ಬ ಮುಗಿಸಿ ಮರುದಿನ ನಮ್ಮ ಕೋಣೆಗೆ ಬಂದಾಗ ಎದುರುಗಡೆಯ ಬೇಕರಿಯಿಂದ ವೈನಿಯೇ ತಂದ ಮಿಠಾಯಿ ಮೇಜಿನ ಮೇಲಿತ್ತು. ಜೋಡಿ. ವೈನಿ ಒಂದನ್ನು ತಿಂದಿದ್ದರು, ಸಿಹಿ ಜಾಸ್ತಿಯಾಯಿತೆಂದು ಮುಖ ಕಿವಿಚಿಕೊಂಡು ಇನ್ನೊಂದನ್ನು ಮಾರ್ತಾಳ ಕೈಗಿಟ್ಟರು. ಮಾರ್ತಾ ಅತ್ತಳು. ವೈನಿ ಅವಳಿಗೆ ಶೇಂಗಾ ಚಟ್ನಿ ಪುಡಿಯ ಪೊಟ್ಟಣ ಕೊಟ್ಟು, ಮೂಸಬಾರದೆಂದು ಕೈಸನ್ನೆಯಲ್ಲಿ ತಿಳಿಸಿದರು.

ಮರಳಿ ಹೈದರಾಬಾದ್

ಇಲ್ಲಿ ಬಂದ ವಾರದಲ್ಲೇ ಆಸ್ಪತ್ರೆ ಸೇರಿಸಿದೆವು. ಹಿಂದಿನ ದಿನ ವೈನಿ ಬೇಗಂ ಬಜಾರಿನ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ತಾವೇ ಹೋಗಿ, ಏನು ಆಪರೇಷನ್, ಎಲ್ಲಿ, ಯಾಕೆ ಎಂದು ಹೇಳಿ ಬಂದಿದ್ದರು. ಹಾಗಾಗಿ ಬೆಳಿಗ್ಗೆಯೇ ಥರ್ಮಾಸ್ ಹಿಡಿದ ನಾಲ್ಕಾರು ವ್ಯಾಪಾರಿಗಳು ಕಾರಿಡಾರಿನಲ್ಲಿ ತುಂಬಿಕೊಂಡು, ವಾಚ್‌ಮನ್ ಜೊತೆ ಜಗಳಕ್ಕೆ ನಿಂತಿದ್ದರು.

ಗಾಲಿ ಕುರ್ಚಿ ತಂದರು. ವೈನಿ ಬೇಡವೆಂದು ನಡೆದೇ ಒಳಗೆ ಹೋದರು. ಬಾಗಿಲು ಮುಚ್ಚಿತು. ಆ ಬಾಗಿಲ ಮೇಲಿನ ಕೆಂಪು ದೀಪವನ್ನು ನೋಡುತ್ತ ಕೂತದ್ದು ಕತಾನಿಯಾದ ಆ ಬೀದಿಗಿಂತ ಕಷ್ಟವಾಗಿತ್ತು. ಇಲ್ಲಿ ತಳ್ಳಿಕೊಂಡು ಹೋಗಲು ಜನವಿರಲಿಲ್ಲ, ಕೂಗಿದರೂ ವೈನಿಗೆ ಕೇಳಿಸುವಂತಿರಲಿಲ್ಲ. ಪಕ್ಕದ ಮಾರ್ವಾಡಿ ಮುದುಕ ಎರಡು ಸಲ ಚಹಾ ಕೊಟ್ಟ, ಎರಡು ಸಲವೂ ಆರಿಹೋಯಿತು.

ಕೊನೆಗೆ ಡಾಕ್ಟರು ಬಂದರು. ಗಂಟು ಪೂರ್ತಿ ಹೋಗಿದೆ, ಹರಡಿಲ್ಲ, ಇನ್ನು ಆಗಾಗ ತೋರಿಸಿಕೊಂಡು ಹೋದರೆ ಸಾಕು ಎಂದರು. ನಾನು ಎದ್ದು ಆ ವ್ಯಾಪಾರಿಗಳಿಗೆಲ್ಲ ಅದನ್ನೇ ಹಿಂದಿಯಲ್ಲಿ ಹೇಳಿದೆ.

ಸಂಜೆ ಒಳಗೆ ಬಿಟ್ಟರು. ಎದೆಗೆ ಅಡ್ಡಲಾಗಿ ಬಿಗಿದ ಬಿಳಿ ಪಟ್ಟಿ. ಮುಖ ಸೊರಗಿತ್ತು. ಕಣ್ಣು ಮುಚ್ಚಿದ್ದರು, ನಿದ್ದೆ ಇರಬೇಕೆಂದು ಸದ್ದು ಮಾಡದೆ ಸ್ಟೂಲ್ ಎಳೆದುಕೊಂಡೆ. ವೈನಿ ಕಣ್ಣು ತೆರೆಯದೆಯೇ ಎಡಗೈ ಎತ್ತಿ ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಆಡಿಸಿದರು, ಅಂಗಡಿಯ ಹೊಸ ತಾಟಿನ ಅಂಚು ನೋಡುವವರಂತೆ.

"ನಿಮ್ಮೀ."

"ಇಲ್ಲೇ ಅದೀನಿ, ವೈನಿ. ನೋವೈತೇನ್ರಿ?"

"ಐತಿ." ಒಣಗಿದ ತುಟಿ ಒಂದು ಕಡೆ ಸೊಟ್ಟಗಾಯಿತು. "ಆದರೂ ಈಗ ತಕ್ಕಡಿ ಸಮ ಆತು ನೋಡು."